ಕಾನ್‌ನಿಂದ ಬರುವ ಮೊದಲ ಮಾತು ಮತ್ತು ಅದರ ತೂಕ

2025ರ ಮೇ ತಿಂಗಳಲ್ಲಿ ನೀರಜ್ ಘಾಯ್ವಾನ್ ನಿರ್ದೇಶನದ ‘ಹೋಮ್‌ಬೌಂಡ್’ ಚಿತ್ರ ಕಾನ್ ಚಿತ್ರೋತ್ಸವದಲ್ಲಿ, ಮುಖ್ಯ ಸ್ಪರ್ಧೆಯಿಂದ ಬೇರೆಯಾದ ‘ಅನ್ ಸರ್ಟೆನ್ ರಿಗಾರ್’ ವಿಭಾಗದಲ್ಲಿ ಮೊದಲ ಪ್ರದರ್ಶನ ಕಂಡಾಗ, ನಮ್ಮ ಪತ್ರಿಕೆಗಳಲ್ಲಿಯೂ ಸುದ್ದಿವಾಹಿನಿಗಳಲ್ಲಿಯೂ ಎದ್ದು ಕಂಡದ್ದು ಪ್ರೇಕ್ಷಕರು ಒಂಬತ್ತು ನಿಮಿಷ ನಿಂತು ಚಪ್ಪಾಳೆ ತಟ್ಟಿದರೆಂಬ ಸಂಗತಿ. ಪೊಲೀಸ್ ನೌಕರಿಗಾಗಿ ಹಂಬಲಿಸುವ ಇಬ್ಬರು ಗೆಳೆಯರು, ಒಬ್ಬ ದಲಿತ, ಇನ್ನೊಬ್ಬ ಮುಸಲ್ಮಾನ. ಅವರ ಬದುಕಿನ ಮೇಲೆ ಬಂದೆರಗುವ ಲಾಕ್‌ಡೌನ್. ಇದನ್ನೆಲ್ಲ ಚಿತ್ರ ಹೇಗೆ ಕಟ್ಟಿದೆ, ಎಲ್ಲಿ ಗೆದ್ದಿದೆ, ಎಲ್ಲಿ ಎಡವಿದೆ ಎಂಬ ಮಾತು ಆ ವರದಿಗಳಲ್ಲಿ ವಿರಳವಾಗಿತ್ತು. ಪ್ರತಿ ವರ್ಷ ಮೇ ತಿಂಗಳಲ್ಲಿ ಇದೇ ನಡೆಯುತ್ತದೆ. ಫ್ರಾನ್ಸಿನ ದಕ್ಷಿಣ ಕರಾವಳಿಯ ಒಂದು ಪಟ್ಟಣದಿಂದ ಹನ್ನೆರಡು ದಿನಗಳ ಕಾಲ ಅಭಿಪ್ರಾಯಗಳು ಹರಿದು ಬರುತ್ತವೆ. ಜಗತ್ತಿನ ಮುಂದಿನ ಒಂದು ವರ್ಷದ ಗಂಭೀರ ಸಿನಿಮಾ ಯಾವುದೆಂಬುದು ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತದೆ. ಆ ಅಭಿಪ್ರಾಯಗಳು ಯಾರವು, ಎಂಥ ಸ್ಥಿತಿಯಲ್ಲಿ ಹುಟ್ಟಿದವು ಎಂದು ಮಾತ್ರ ನಾವು ಕೇಳುವುದೇ ಕಡಿಮೆ.

ಮೊದಲಿಗೆ ಚಪ್ಪಾಳೆಯ ವಿಚಾರವನ್ನು ಬೇರ್ಪಡಿಸಬೇಕು. ಕಾನ್‌ನ ಮುಖ್ಯ ಸಭಾಂಗಣವಾದ ‘ಗ್ರಾಂಡ್ ಥಿಯೇಟರ್ ಲುಮಿಯೇರ್’ನಲ್ಲಿ ಸುಮಾರು 2,300 ಆಸನಗಳಿವೆ. ಸಂಜೆಯ ವಿಧ್ಯುಕ್ತ ಪ್ರದರ್ಶನಕ್ಕೆ ಅಲ್ಲಿ ಕೂರುವವರಲ್ಲಿ ಚಿತ್ರತಂಡ, ನಿರ್ಮಾಪಕರು, ಹಂಚಿಕೆದಾರರು, ಪ್ರಾಯೋಜಕರು, ಆಹ್ವಾನಿತರು ಇರುತ್ತಾರೆ. ಚಿತ್ರ ಮುಗಿದು ದೀಪ ಹತ್ತಿದೊಡನೆ ಕ್ಯಾಮೆರಾ ಒಂದು ನಿರ್ದೇಶಕರ ಬಳಿಗೂ ನಟನಟಿಯರ ಬಳಿಗೂ ಹೋಗಿ ಒಬ್ಬೊಬ್ಬರ ಮುಖವನ್ನೂ ಅದೇ ದೊಡ್ಡ ತೆರೆಯ ಮೇಲೆ ತೋರಿಸುತ್ತದೆ, ಒಂದೊಂದು ಮುಖ ಕಂಡಾಗಲೂ ಚಪ್ಪಾಳೆ ಮತ್ತೆ ಏರುತ್ತದೆ. ತಂಡ ದೊಡ್ಡದಿದ್ದಷ್ಟೂ, ನಿರ್ದೇಶಕರ ಕೈಗೆ ಮೈಕ್ ತಡವಾಗಿ ಬಂದಷ್ಟೂ ನಿಮಿಷಗಳು ಬೆಳೆಯುತ್ತವೆ. ಚಿತ್ರೋದ್ಯಮದ ಪತ್ರಿಕೆಗಳ ವರದಿಗಾರರು ಗಡಿಯಾರ ನೋಡಿ ಅಳೆಯುವ ಈ ಅವಧಿ ಒಂದು ಪತ್ರಿಕೆಗೂ ಇನ್ನೊಂದಕ್ಕೂ ತಾಳೆಯಾಗದಿರುವುದೂ ಉಂಟು. ಅದು ತಂಡಕ್ಕೆ ಸಲ್ಲುವ ಗೌರವ, ಮನುಷ್ಯ ಸಹಜವಾದ ಸೌಜನ್ಯ. ಕೆಲವೊಮ್ಮೆ ನಿಜವಾದ ಭಾವೋದ್ವೇಗವೂ ಹೌದು. ಆದರೆ ಅದನ್ನು ‘ವಿಮರ್ಶಕರ ಮೆಚ್ಚುಗೆ’ ಎಂದು ಬರೆಯುವುದು ತಪ್ಪು. ಅದೇ ರೀತಿ, ಉತ್ಸವದ ಜೊತೆಗೇ ನಡೆಯುವ ಚಿತ್ರ ಮಾರುಕಟ್ಟೆಯಲ್ಲಿ ಹಣ ಕೊಟ್ಟು ಪರದೆಯನ್ನು ಬಾಡಿಗೆಗೆ ಪಡೆದು ತೋರಿಸಿದ ಚಿತ್ರವನ್ನು ‘ಕಾನ್‌ಗೆ ಆಯ್ಕೆಯಾದ ಚಿತ್ರ’ ಎಂದು ಬರೆಯುವುದೂ ಓದುಗರಿಗೆ ಮಾಡುವ ಅನ್ಯಾಯ. ಅಧಿಕೃತ ಆಯ್ಕೆಗೂ ಮಾರುಕಟ್ಟೆಯ ಪ್ರದರ್ಶನಕ್ಕೂ ಯಾವ ಸಂಬಂಧವೂ ಇಲ್ಲ.

ವಿಮರ್ಶಕರು ಕೂರುವುದು ಹೆಚ್ಚಾಗಿ ಪಕ್ಕದ ‘ಡೆಬ್ಯುಸಿ’ ಸಭಾಂಗಣದಲ್ಲಿ. ಉತ್ಸವಕ್ಕೆ ಮಾನ್ಯತೆ ಪಡೆದು ಬರುವ ಪತ್ರಕರ್ತರ ಸಂಖ್ಯೆ ಸಾವಿರಗಳಲ್ಲಿದೆ, ಅವರಲ್ಲಿ ಎಲ್ಲರೂ ಸಮಾನರಲ್ಲ. ಕೊರಳಿಗೆ ತೂಗುವ ಬಿಲ್ಲೆಯ ಬಣ್ಣ, ಅಂದರೆ ಬಿಳಿ, ಹಳದಿ ಚುಕ್ಕೆಯಿರುವ ಗುಲಾಬಿ, ಬರಿಯ ಗುಲಾಬಿ, ನೀಲಿ, ಹಳದಿ, ಯಾರಿಗೆ ಮೊದಲ ಪ್ರವೇಶ, ಯಾರು ಕಾಯಬೇಕು ಎಂಬುದನ್ನು ಬಹುಕಾಲದಿಂದ ನಿರ್ಧರಿಸುತ್ತ ಬಂದಿದೆ. ದೊಡ್ಡ ಪತ್ರಿಕೆಯ, ಹಲವು ವರ್ಷ ಬಂದ ಅನುಭವಿಗೆ ಮೇಲಿನ ಬಣ್ಣ. ಸಣ್ಣ ಭಾಷೆಯ, ಸಣ್ಣ ಪತ್ರಿಕೆಯ ಹೊಸಬರಿಗೆ ಕೆಳಗಿನದು. ಹೀಗಾಗಿ ಮೊದಲ ದಿನ ಮೊದಲ ಮಾತು ಯಾರ ಬಾಯಿಂದ ಬರುತ್ತದೆ ಎಂಬುದೇ ಅಭಿಪ್ರಾಯದ ಬಣ್ಣವನ್ನು ಒಂದಿಷ್ಟು ನಿರ್ಧರಿಸಿಬಿಡುತ್ತದೆ. ಸ್ಪರ್ಧಾ ವಿಭಾಗದಲ್ಲಿಯೇ 22 ಚಿತ್ರಗಳು (2024ರಲ್ಲಿಯೂ 2025ರಲ್ಲಿಯೂ ಅಷ್ಟೇ ಇದ್ದವು), ಜೊತೆಗೆ ಇತರ ವಿಭಾಗಗಳು. ಬೆಳಗ್ಗೆ ಎಂಟೂವರೆಗೆ ಶುರುವಾಗುವ ದಿನದಲ್ಲಿ ನಾಲ್ಕು ಚಿತ್ರ ನೋಡಿ, ನಡುವೆ ಪತ್ರಿಕಾಗೋಷ್ಠಿಗೆ ಹೋಗಿ, ರಾತ್ರಿ ಸಾವಿರ ಪದ ಬರೆದು ಕಳಿಸುವುದು ಅಲ್ಲಿನ ವಿಮರ್ಶಕರ ದಿನಚರಿ. ಬೆಂಗಳೂರಿನ ಚಿತ್ರೋತ್ಸವದಲ್ಲಿ ದಿನಕ್ಕೆ ನಾಲ್ಕು ಚಿತ್ರ ನೋಡಿದ ಯಾರಿಗೂ ಇದು ಅರ್ಥವಾಗುತ್ತದೆ: ಮೂರನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಒಂದು ಚಿತ್ರದ ಮುಖ ಇನ್ನೊಂದರೊಳಗೆ ಕಲೆಯತೊಡಗುತ್ತದೆ, ನಿಧಾನವಾಗಿ ಅರಳುವ ಚಿತ್ರಕ್ಕೆ ಕೊಡಬೇಕಾದ ತಾಳ್ಮೆ ತೀರಿಹೋಗಿರುತ್ತದೆ, ಗಟ್ಟಿ ದನಿಯ ಚಿತ್ರವೇ ನೆನಪಿನಲ್ಲಿ ಉಳಿಯುತ್ತದೆ.

ಈ ಮೊದಲ ಮಾತಿನ ವೇಗಕ್ಕೆ ಉತ್ಸವವೇ ಹೆದರಿದ ಉದಾಹರಣೆಯಿದೆ. 2018ರವರೆಗೆ ಹಲವು ಸ್ಪರ್ಧಾ ಚಿತ್ರಗಳನ್ನು ಪತ್ರಕರ್ತರು ವಿಧ್ಯುಕ್ತ ಪ್ರದರ್ಶನಕ್ಕಿಂತ ಮೊದಲೇ ನೋಡುತ್ತಿದ್ದರು. ಚಿತ್ರದ ಮೇಲೆ ಬೆಳಗ್ಗೆಯೇ ಟೀಕೆಯ ಮಳೆ ಸುರಿದಿದ್ದರೆ, ಸಂಜೆ ಕೆಂಪು ಹಾಸಿನ ಮೇಲೆ ನಡೆಯುವ ತಂಡಕ್ಕೆ ತಮ್ಮ ಚಿತ್ರ ಸೋತಿದೆ ಎಂಬುದು ಆಗಲೇ ಗೊತ್ತಿರುತ್ತಿತ್ತು. ಉತ್ಸವದ ಮುಖ್ಯಸ್ಥ ತಿಯರಿ ಫ್ರೆಮೊ ಆ ವರ್ಷ ಕ್ರಮವನ್ನು ಬದಲಿಸಿ, ಸಂಜೆಯ ಪ್ರದರ್ಶನ ನಡೆಯುವ ಹೊತ್ತಿನಲ್ಲಿಯೇ ಅಥವಾ ಅದರ ನಂತರ ಪತ್ರಕರ್ತರಿಗೆ ಚಿತ್ರ ತೋರಿಸುವ ಏರ್ಪಾಡು ಮಾಡಿದರು. ವಿಮರ್ಶಕರು ಸಿಟ್ಟಾದರು, ಯೋಚಿಸಿ ಬರೆಯಲು ಇದ್ದ ಕೆಲವೇ ಗಂಟೆಗಳೂ ಹೋದವು ಎಂದರು. ಆ ದೂರಿನಲ್ಲಿ ಹುರುಳಿದೆ. ಸಂಜೆ ಏಳಕ್ಕೆ ನೋಡಿದ ಚಿತ್ರದ ವಿಮರ್ಶೆ ರಾತ್ರಿ ಹತ್ತಕ್ಕೆ ಪ್ರಕಟವಾಗಬೇಕೆಂದರೆ ಬರೆಯುವವನ ಕೈಯಲ್ಲಿ ಉಳಿಯುವುದು ಅನಿಸಿಕೆ ಮಾತ್ರ. ಅದು ತೂಗಿ ನೋಡಿದ ತೀರ್ಮಾನವಾಗಲು ಸಾಧ್ಯವಿಲ್ಲ.

ಅನಿಸಿಕೆಯನ್ನು ಅಂಕಿಗೆ ಇಳಿಸುವ ಪದ್ಧತಿಯೂ ಅಲ್ಲಿ ಬೇರೂರಿದೆ. ‘ಸ್ಕ್ರೀನ್ ಇಂಟರ್‌ನ್ಯಾಷನಲ್’ ಪತ್ರಿಕೆ ಉತ್ಸವದ ದಿನಗಳಲ್ಲಿ ಬೇರೆ ಬೇರೆ ದೇಶಗಳ ಹತ್ತು ಹನ್ನೆರಡು ವಿಮರ್ಶಕರಿಂದ ಪ್ರತಿ ಸ್ಪರ್ಧಾ ಚಿತ್ರಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಿಸಿ ಸರಾಸರಿ ಪ್ರಕಟಿಸುತ್ತದೆ. ಈ ಅಂಕಪಟ್ಟಿಯನ್ನು ಉತ್ಸವಕ್ಕೆ ಬಂದವರೆಲ್ಲ ಕಾದು ನೋಡುತ್ತಾರೆ. 2016ರಲ್ಲಿ ಜರ್ಮನಿಯ ಮಾರೆನ್ ಆಡೆ ಅವರ ‘ಟೋನಿ ಎರ್ಡ್‌ಮನ್’ಗೆ 3.7 ಬಂತು, ಅದು ಅಲ್ಲಿಯವರೆಗಿನ ದಾಖಲೆ. ಜಾರ್ಜ್ ಮಿಲ್ಲರ್ ಅಧ್ಯಕ್ಷತೆಯ ತೀರ್ಪುಗಾರರ ಮಂಡಳಿ ಅದಕ್ಕೆ ಒಂದೂ ಪ್ರಶಸ್ತಿ ಕೊಡಲಿಲ್ಲ. ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಕೆನ್ ಲೋಚ್ ಅವರ ‘ಐ, ಡೇನಿಯಲ್ ಬ್ಲೇಕ್’ಗೆ ಹೋಯಿತು. ಎರಡು ವರ್ಷಗಳ ನಂತರ ದಕ್ಷಿಣ ಕೊರಿಯಾದ ಲೀ ಚಾಂಗ್ ಡಾಂಗ್ ಅವರ ‘ಬರ್ನಿಂಗ್’ 3.8 ಪಡೆದು ಆ ದಾಖಲೆಯನ್ನೂ ಮುರಿಯಿತು, ಮುಖ್ಯ ಮಂಡಳಿಯಿಂದ ಅದೂ ಬರಿಗೈಯಲ್ಲಿ ಮರಳಿತು. ಅಂತರರಾಷ್ಟ್ರೀಯ ಚಿತ್ರವಿಮರ್ಶಕರ ಒಕ್ಕೂಟ ‘ಫಿಪ್ರೆಸ್ಕಿ’ ತನ್ನ ಪ್ರಶಸ್ತಿಯನ್ನು ಈ ಎರಡಕ್ಕೂ ಕೊಟ್ಟಿತ್ತು. ಇನ್ನೊಂದು ತುದಿಯಲ್ಲಿ, ಶಾನ್ ಪೆನ್ ಅವರ ‘ದಿ ಲಾಸ್ಟ್ ಫೇಸ್’ 2016ರಲ್ಲಿ 0.2 ಅಂಕಕ್ಕೆ ಕುಸಿಯಿತು.

ವಿಮರ್ಶಕರಿಗೂ ತೀರ್ಪುಗಾರರಿಗೂ ನಡುವೆ ಇಷ್ಟು ಅಂತರ ಬರುವುದನ್ನು ಪಕ್ಷಪಾತವೆಂದು ಬಗೆಯುವ ಅಗತ್ಯವಿಲ್ಲ. ಮಂಡಳಿಯ ಒಂಬತ್ತು ಜನರಲ್ಲಿ ಹೆಚ್ಚಿನವರು ಚಿತ್ರ ಮಾಡುವವರು, ನಟಿಸುವವರು, ಬರೆಯುವವರು. ಅವರು ಒಂದು ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಒಪ್ಪಿಸಬೇಕು, ಹಾಗಾಗಿ ಅನೇಕ ಸಲ ಎಲ್ಲರ ಎರಡನೆಯ ಆಯ್ಕೆ ಗೆಲ್ಲುತ್ತದೆ. ಅಂಕಪಟ್ಟಿಗೆ ಅಂಥ ಸಂಧಾನ ಬೇಕಿಲ್ಲ, ಆದರೆ ಅದರ ದೋಷ ಬೇರೆ. ಎಲ್ಲರೂ ತಲಾ ಎರಡು ಅಂಕ ಕೊಟ್ಟ ಸಾಧಾರಣ ಚಿತ್ರಕ್ಕೂ, ಅರ್ಧ ಜನ ನಾಲ್ಕು, ಉಳಿದರ್ಧ ಸೊನ್ನೆ ಕೊಟ್ಟ ಚಿತ್ರಕ್ಕೂ ಸರಾಸರಿ ಒಂದೇ. ಮೊದಲನೆಯದು ವಾರದಲ್ಲಿ ಮರೆತುಹೋಗುವಂಥದ್ದು, ಎರಡನೆಯದು ದಶಕಗಳ ಕಾಲ ಚರ್ಚೆಯಾಗಬಹುದಾದದ್ದು. ಸಿನಿಮಾ ಚರಿತ್ರೆಯನ್ನು ನೋಡಿದರೆ ಸಭಾಂಗಣವನ್ನು ಎರಡಾಗಿ ಸೀಳಿದ ಚಿತ್ರಗಳ ಕಡೆಗೇ ನನ್ನ ಒಲವು ಹೋಗುತ್ತದೆ.

1960ರ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೆನೆಯಬೇಕು. ಮಿಕೆಲಾಂಜೆಲೊ ಆಂಟೋನಿಯೋನಿ ಅವರ ‘ಲಾವೆಂತುರಾ’ದಲ್ಲಿ ದ್ವೀಪವೊಂದರಲ್ಲಿ ಹೆಂಗಸೊಬ್ಬಳು ಕಾಣೆಯಾಗುತ್ತಾಳೆ. ಅವಳನ್ನು ಹುಡುಕುವುದೇ ಕಥೆಯೆಂದು ಪ್ರೇಕ್ಷಕ ಕಾದಿರುವಾಗ ಚಿತ್ರ ಆ ಹುಡುಕಾಟವನ್ನೇ ಮೆಲ್ಲಗೆ ಕೈಬಿಡುತ್ತದೆ. ಮೊದಲ ಪ್ರದರ್ಶನದಲ್ಲಿ ಸಭಿಕರು ನಕ್ಕರು, ಕೂಗಿದರು, ಗೇಲಿ ಮಾಡಿದರು. ನಿರ್ದೇಶಕರೂ ನಾಯಕಿ ಮೋನಿಕಾ ವಿಟ್ಟಿಯೂ ನೊಂದು ಹೊರನಡೆದರು. ಮರುದಿನ ರಾಬರ್ಟೊ ರೊಸೆಲ್ಲಿನಿ ಮುಂತಾದ ಚಿತ್ರಕರ್ಮಿಗಳೂ ವಿಮರ್ಶಕರೂ ಸಹಿ ಮಾಡಿದ ಹೇಳಿಕೆಯೊಂದು ಚಿತ್ರದ ಪರವಾಗಿ ಹೊರಬಿತ್ತು. ಅದೇ ಉತ್ಸವದಲ್ಲಿ ಅದಕ್ಕೆ ತೀರ್ಪುಗಾರರ ಪ್ರಶಸ್ತಿ ಸಿಕ್ಕಿತು. 1962ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ಮತ ಸಂಗ್ರಹಿಸಿದಾಗ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳಲ್ಲಿ ಅದು ಎರಡನೆಯ ಸ್ಥಾನದಲ್ಲಿತ್ತು. ಗೇಲಿಯಿಂದ ಆ ಸ್ಥಾನಕ್ಕೆ ಎರಡೇ ವರ್ಷ. ಈ ನಡುವೆ ಚಿತ್ರ ಬದಲಾಗಿರಲಿಲ್ಲ, ಅದನ್ನು ನೋಡುವ ಬಗೆ ಬದಲಾಗಿತ್ತು. ಆ ಬದಲಾವಣೆಯನ್ನು ತಂದವರಲ್ಲಿ ಮರುದಿನವೇ ಸಹಿ ಹಾಕಿದ ಆ ಮಂದಿ ಮೊದಲಿಗರು.

ಅಲ್ಲಿಂದೀಚೆಗೆ ಕಾನ್‌ನಲ್ಲಿ ಕೂಗಾಟ ಸಂಪ್ರದಾಯವೇ ಆಗಿದೆ. 1976ರಲ್ಲಿ ‘ಟ್ಯಾಕ್ಸಿ ಡ್ರೈವರ್’, 1987ರಲ್ಲಿ ಮೊರಿಸ್ ಪಿಯಾಲಾ ಅವರ ಚಿತ್ರ, 2011ರಲ್ಲಿ ‘ದಿ ಟ್ರೀ ಆಫ್ ಲೈಫ್’ ಮೂರೂ ಪಾಮ್ ದೋರ್ ಪಡೆದವು, ಮೂರಕ್ಕೂ ವಿರೋಧದ ದನಿ ಕೇಳಿಬಂತು. ಆದರೆ ವಿರೋಧ ಯಾವಾಗಲೂ ತಪ್ಪೇ ಆಗಿರುತ್ತದೆ ಎನ್ನಲಾಗದು. 2003ರಲ್ಲಿ ವಿನ್ಸೆಂಟ್ ಗ್ಯಾಲೊ ಅವರ ‘ದಿ ಬ್ರೌನ್ ಬನಿ’ಯನ್ನು ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಉತ್ಸವದ ಚರಿತ್ರೆಯಲ್ಲೇ ಅತ್ಯಂತ ಕೆಟ್ಟ ಚಿತ್ರವೆಂದು ಕರೆದರು. ನಿರ್ದೇಶಕರು ಸಿಟ್ಟಾದರು, ಇಬ್ಬರ ನಡುವೆ ಬಹಿರಂಗ ಜಗಳವಾಯಿತು, ಆಮೇಲೆ ಚಿತ್ರದಿಂದ ಸುಮಾರು 25 ನಿಮಿಷಗಳನ್ನು ತೆಗೆದುಹಾಕಲಾಯಿತು. ಹೊಸ ರೂಪವನ್ನು ನೋಡಿದ ಈಬರ್ಟ್ ಅದನ್ನು ಮೆಚ್ಚಿ ಬರೆದರು, ಸಂಕಲನ ಚಿತ್ರವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಅದನ್ನು ದೃಷ್ಟಾಂತವಾಗಿ ಮುಂದಿಟ್ಟರು. ಮೊದಲು ಹೇಳಿದ್ದಕ್ಕೆ ಜೋತುಬೀಳದೆ ಎರಡನೆಯ ಸಲ ನೋಡಿ ಎರಡನೆಯ ಮಾತು ಹೇಳುವ ಆ ಪ್ರಾಮಾಣಿಕತೆ ವಿಮರ್ಶಕನಿಗೆ ಇರಲೇಬೇಕಾದ ಗುಣ ಎಂದು ನಾನು ನಂಬುತ್ತೇನೆ.

ನಮ್ಮ ದೇಶದ ಸಿನಿಮಾ ಕೂಡ ಕಾನ್‌ನಲ್ಲಿ ಎರಡನೆಯ ನೋಟದ ಋಣದಲ್ಲಿದೆ. 1956ರಲ್ಲಿ ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಯ ಮೊದಲ ಪ್ರದರ್ಶನಕ್ಕೆ ಬಂದವರು ಕೆಲವೇ ಮಂದಿ. ನೋಡಿದ ವಿಮರ್ಶಕರಲ್ಲಿ ಕೆಲವರು ಅದನ್ನು ಮತ್ತೊಮ್ಮೆ ತೋರಿಸಲೇಬೇಕೆಂದು ಪಟ್ಟು ಹಿಡಿದರು. ಎರಡನೆಯ ಪ್ರದರ್ಶನವಾಯಿತು, ‘ಅತ್ಯುತ್ತಮ ಮಾನವೀಯ ದಾಖಲೆ’ ಎಂಬ ಪ್ರಶಸ್ತಿ ಬಂತು. ಉತ್ಸವದ ಜೊತೆಜೊತೆಗೇ ನಡೆಯುವ ‘ವಿಮರ್ಶಕರ ಸಪ್ತಾಹ’ 1962ರಲ್ಲಿ ಫ್ರೆಂಚ್ ವಿಮರ್ಶಕರ ಸಂಘದಿಂದ ಹುಟ್ಟಿದ್ದೂ ಇದೇ ಹಂಬಲದಿಂದ. ನಿರ್ದೇಶಕರ ಮೊದಲ ಅಥವಾ ಎರಡನೆಯ ಚಿತ್ರಗಳನ್ನು ಮಾತ್ರ ಆರಿಸಿ ತೋರಿಸುವ ಆ ವಿಭಾಗ, ಬರಿಯ ಅಭಿಪ್ರಾಯ ಹೇಳುವುದಕ್ಕೆ ನಿಲ್ಲದೆ ಹೊಸಬರನ್ನು ಹುಡುಕಿ ಮುಂದೆ ತರುವುದೂ ವಿಮರ್ಶೆಯ ಕೆಲಸವೆಂದು ಸಾರಿತು.

ಸಣ್ಣ ಚಿತ್ರಗಳಿಗೆ ಈ ಮೊದಲ ಅನಿಸಿಕೆ ಏಕೆ ಇಷ್ಟು ಮುಖ್ಯವೆಂದರೆ ಅದರ ಹಿಂದೆಯೇ ವ್ಯಾಪಾರ ಇದೆ. ದೊಡ್ಡ ತಾರೆಯರಿಲ್ಲದ, ಪ್ರಚಾರಕ್ಕೆ ಹಣವಿಲ್ಲದ ಚಿತ್ರವನ್ನು ಕೊಳ್ಳಬೇಕೋ ಬೇಡವೋ ಎಂದು ಹಂಚಿಕೆದಾರರು ನಿರ್ಧರಿಸುವುದು ಆ ಒಂದೆರಡು ದಿನಗಳ ಮಾತುಕತೆಯ ಮೇಲೆ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ 2024ರ ಮೇ 23ರಂದು, ಉತ್ಸವ ಮುಗಿಯಲು ಎರಡೇ ದಿನ ಉಳಿದಿರುವಾಗ ತೆರೆಕಂಡಿತು. ಆ ಹೊತ್ತಿಗೆ ಅನೇಕ ಪತ್ರಕರ್ತರು ಊರಿಗೆ ಮರಳಲು ಅಣಿಯಾಗಿರುತ್ತಾರೆ, ಉಳಿದವರು ದಣಿದಿರುತ್ತಾರೆ. 1994ರಲ್ಲಿ ಶಾಜಿ ಎನ್. ಕರುಣ್ ಅವರ ‘ಸ್ವಹಂ’ ಬಂದ ಮೇಲೆ ಮೂವತ್ತು ವರ್ಷ ಮುಖ್ಯ ಸ್ಪರ್ಧೆಯಲ್ಲಿ ಭಾರತದ ಚಿತ್ರವೇ ಇರಲಿಲ್ಲ. ಆದರೂ ವಿಮರ್ಶಕರು ಒಕ್ಕೊರಲಿನಿಂದ ಎನ್ನುವಷ್ಟು ಮೆಚ್ಚಿ ಬರೆದರು. ಗ್ರೆಟಾ ಗರ್ವಿಗ್ ಅಧ್ಯಕ್ಷತೆಯ ಮಂಡಳಿ ಅದಕ್ಕೆ ಎರಡನೆಯ ಅತ್ಯುನ್ನತ ಪ್ರಶಸ್ತಿಯಾದ ‘ಗ್ರಾನ್ ಪ್ರಿ’ ಕೊಟ್ಟಿತು. ಅದೇ ವರ್ಷ ಭಾರತೀಯ ಚಲನಚಿತ್ರ ಒಕ್ಕೂಟದ ಆಯ್ಕೆ ಸಮಿತಿ ಆಸ್ಕರ್‌ಗೆ ‘ಲಾಪತಾ ಲೇಡೀಸ್’ ಚಿತ್ರವನ್ನು ಆರಿಸಿತು. ಕಪಾಡಿಯಾ ಅವರದು ಭಾರತದಲ್ಲಿ ನಡೆಯುವ ಯುರೋಪಿಯನ್ ಚಿತ್ರದಂತೆ ಕಂಡಿತೆಂಬ ಅರ್ಥದ ಮಾತು ಒಕ್ಕೂಟದ ಕಡೆಯಿಂದ ಬಂತು. ಮುಂಬೈಯ ಮಳೆಯಲ್ಲಿ, ಲೋಕಲ್ ರೈಲಿನಲ್ಲಿ, ಮಲಯಾಳಿ ನರ್ಸುಗಳ ಬಾಡಿಗೆ ಕೋಣೆಯಲ್ಲಿ ನಡೆಯುವ ಕಥೆಯನ್ನು ಯುರೋಪಿನದು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಆ ಮಾತಿನ ಹಿಂದೆ ಒಂದು ನಿಜವಾದ ಪ್ರಶ್ನೆ ಅಡಗಿದೆ: ಕಾನ್‌ನ ವಿಮರ್ಶಕರಿಗೆ ಈ ಚಿತ್ರದಲ್ಲಿ ಏನು ಕೇಳಿಸಿತು, ಏನು ಕೇಳಿಸಲಿಲ್ಲ?

ಚಿತ್ರದಲ್ಲಿ ಮಲಯಾಳ, ಹಿಂದಿ, ಮರಾಠಿ ಮೂರೂ ಇವೆ. ನರ್ಸ್ ಪ್ರಭಾಳನ್ನು ಮೆಚ್ಚುವ ವೈದ್ಯನಿಗೆ ಹಿಂದಿ ಸರಿಯಾಗಿ ಬಾರದು. ಆ ತೊಡಕೇ ಅವನ ಒಂಟಿತನ. ಕೆಳಗೆ ಒಂದೇ ಅಕ್ಷರಗಳಲ್ಲಿ ಓಡುವ ಅಡಿಬರಹದಲ್ಲಿ ಈ ಮೂರು ಭಾಷೆಗಳ ನಡುವಿನ ಗೋಡೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ವಿಮರ್ಶಕ ಬೆಳಕನ್ನು, ಮೌನವನ್ನು, ಮುಖಗಳನ್ನು ಓದಬಲ್ಲ. ಮಾತಿನ ಊರನ್ನು ಓದಲಾರ. ಇದಕ್ಕೆ ಬೇರೆಯವರನ್ನು ದೂರಿ ಫಲವಿಲ್ಲ, ಜಪಾನಿನ ಅಥವಾ ಇರಾನಿನ ಚಿತ್ರ ನೋಡುವಾಗ ನಮ್ಮ ಸ್ಥಿತಿಯೂ ಅದೇ.

ಈ ಕಿವುಡು ಎಷ್ಟು ದೂರ ಹೋಗಬಹುದೆಂಬುದನ್ನು ಅದೇ 2024ರ ಮತ್ತೊಂದು ಚಿತ್ರ ತೋರಿಸಿತು. ಫ್ರಾನ್ಸಿನ ಜಾಕ್ ಓಡಿಯಾರ್ ಅವರು ಮೆಕ್ಸಿಕೋದ ಮಾದಕದ್ರವ್ಯ ದೊರೆಯೊಬ್ಬನ ಲಿಂಗ ಬದಲಾವಣೆಯ ಕಥೆಯನ್ನು ಸ್ಪ್ಯಾನಿಷ್ ಭಾಷೆಯ ಸಂಗೀತ ಚಿತ್ರವಾಗಿ, ಬಹುಪಾಲು ಪ್ಯಾರಿಸ್ ಬಳಿಯ ಸ್ಟುಡಿಯೊದಲ್ಲಿ ಚಿತ್ರೀಕರಿಸಿದ್ದರು. ‘ಎಮಿಲಿಯಾ ಪೆರೆಸ್’ ಎಂಬ ಆ ಚಿತ್ರಕ್ಕೆ ಕಾನ್‌ನಲ್ಲಿ ಹೊಗಳಿಕೆ ಹರಿಯಿತು, ತೀರ್ಪುಗಾರರ ಪ್ರಶಸ್ತಿಯ ಜೊತೆಗೆ ಅದರ ನಾಲ್ವರು ನಟಿಯರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಹಂಚಿಕೆಯಾಯಿತು, ಮುಂದೆ ಆಸ್ಕರ್‌ಗೆ 13 ನಾಮನಿರ್ದೇಶನಗಳು ಬಂದವು. ಚಿತ್ರ ಮೆಕ್ಸಿಕೋ ತಲುಪಿದಾಗ ಅಲ್ಲಿನವರು ಸಿಡಿದೆದ್ದರು. ಪಾತ್ರಗಳ ಉಚ್ಚಾರಣೆ ಯಾವ ಊರಿನದೂ ಅಲ್ಲ, ಸಾವಿರಾರು ಕುಟುಂಬಗಳು ಇಂದಿಗೂ ಕಣ್ಮರೆಯಾದ ತಮ್ಮವರನ್ನು ಹುಡುಕುತ್ತಿರುವಾಗ ಆ ನೋವನ್ನು ಹಾಡಿನ ಸರಕು ಮಾಡಲಾಗಿದೆ ಎಂಬುದು ಅವರ ಆಕ್ರೋಶ. ಡೆಬ್ಯುಸಿ ಸಭಾಂಗಣದಲ್ಲಿ ಕೂತು ಇಂಗ್ಲಿಷ್ ಅಥವಾ ಫ್ರೆಂಚ್ ಅಡಿಬರಹ ಓದಿದ ಬಹುತೇಕರಿಗೆ ಈ ಎರಡೂ ಕೇಳಿಸಿರಲಿಲ್ಲ. ಆ ಕಥೆಯ ನೆಲದವರು, ಆ ನುಡಿಯವರು ಮೊದಲ ಮಾತು ಹೇಳುವವರ ಸಾಲಿನಲ್ಲಿ ಹೆಚ್ಚು ಸಂಖ್ಯೆಯಲ್ಲಿ ಇದ್ದಿದ್ದರೆ ಆ ಚಿತ್ರದ ಪಯಣವೇ ಬೇರೆಯಾಗುತ್ತಿತ್ತು ಎಂಬುದು ನನ್ನ ಅನುಮಾನ.

ಕನ್ನಡಕ್ಕೂ ಈ ಅನುಭವ ಹೊಸದಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ರಾಮ್ ರೆಡ್ಡಿ ಅವರ ‘ತಿಥಿ’ ಎರಡು ಪ್ರಶಸ್ತಿ ಪಡೆದಾಗ ಅಲ್ಲಿನವರಿಗೆ ಅದರ ಹಾಸ್ಯ ಮುಟ್ಟಿತ್ತು, ವೃತ್ತಿಪರರಲ್ಲದ ಹಳ್ಳಿಗರ ಅಭಿನಯ ಬೆರಗು ತಂದಿತ್ತು. ಆದರೆ ಸೆಂಚುರಿ ಗೌಡನ ಬೈಗುಳದಲ್ಲಿರುವ ಮಂಡ್ಯದ ಲಯ, ಗಡ್ಡಪ್ಪನ ಒಂದೊಂದು ಉತ್ತರದ ಹಿಂದಿರುವ ವಿರಕ್ತಿ ಅಡಿಬರಹಕ್ಕೆ ದಕ್ಕುವಂಥದ್ದಲ್ಲ. ಆ ಚಿತ್ರದ ಪೂರ್ಣ ವಿಮರ್ಶೆ ಬರಬೇಕಾದದ್ದು ಇಲ್ಲಿಂದಲೇ.

ಕಾನ್‌ನಿಂದ ಕನ್ನಡಕ್ಕೆ ಬಂದ ದೊಡ್ಡ ಸುದ್ದಿ 2024ರದು. ಮೈಸೂರಿನಲ್ಲಿ ವೈದ್ಯಕೀಯ ಓದಿ ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಗೆ ಸೇರಿದ ಚಿದಾನಂದ ಎಸ್. ನಾಯ್ಕ್ ಅವರ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ ವಿದ್ಯಾರ್ಥಿ ಚಿತ್ರಗಳ ‘ಲಾ ಸಿನೆಫ್’ ವಿಭಾಗದಲ್ಲಿ ಮೊದಲ ಬಹುಮಾನ ಗಳಿಸಿತು. 2,263 ಚಿತ್ರಗಳಲ್ಲಿ 18 ಆಯ್ಕೆಯಾಗಿದ್ದವು, ಬಹುಮಾನ 15,000 ಯೂರೋ, ಚಿತ್ರೀಕರಣ ನಡೆದದ್ದು ನಾಲ್ಕು ದಿನ. ಈ ಅಂಕಿಗಳು ಎಲ್ಲ ವರದಿಗಳಲ್ಲಿಯೂ ಬಂದವು, ಹೆಮ್ಮೆಪಡುವುದು ಸಹಜವೂ ಹೌದು. ಆದರೆ ಕನ್ನಡದ ವಿಮರ್ಶಕ ಮಾತ್ರ ಹೇಳಬಹುದಾಗಿದ್ದ ಒಂದು ಮಾತು ಅಲ್ಲಿ ಹೆಚ್ಚಾಗಿ ಕಾಣಲಿಲ್ಲ. ತನ್ನ ಕೋಳಿ ಕೂಗಿದರೆ ಮಾತ್ರ ಊರಿಗೆ ಬೆಳಗಾಗುತ್ತದೆ ಎಂದು ಬೀಗಿ, ಜಗಳವಾಡಿ, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರು ಬಿಟ್ಟ ಅಜ್ಜಿಯ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆ ಕಥೆಯಲ್ಲಿ ಸೂರ್ಯ ಎಂದಿನಂತೆ ಹುಟ್ಟುತ್ತಾನೆ, ಅಜ್ಜಿಯ ಜಂಭ ಇಳಿಯುತ್ತದೆ, ಕೇಳಿದ ಮಗು ನಗುತ್ತದೆ. ಚಿದಾನಂದ ಅವರ ಚಿತ್ರದಲ್ಲಿ ಮುದುಕಿ ಕೋಳಿಯನ್ನು ಕದ್ದೊಯ್ದ ಮೇಲೆ ಊರಿಗೆ ಬೆಳಗಾಗುವುದೇ ಇಲ್ಲ. ಕತ್ತಲು ಕವಿದ ಊರಿನಲ್ಲಿ ಅವಳ ಮನೆಯವರು ಗಡಿಪಾರಾಗಬೇಕಾಗುತ್ತದೆ. ನಾವು ನಕ್ಕು ಬಿಟ್ಟ ಅಜ್ಜಿಯ ನಂಬಿಕೆ ಈ ಚಿತ್ರದಲ್ಲಿ ನಿಜವಾಗಿಬಿಡುತ್ತದೆ. ಮೂಲ ಕಥೆ ಗೊತ್ತಿಲ್ಲದ ಪ್ರೇಕ್ಷಕನಿಗೆ ಇದು ಒಂದು ವಿಚಿತ್ರ, ಸುಂದರ, ದೂರದ ದಂತಕಥೆ. ಗೊತ್ತಿದ್ದವರಿಗೆ, ಅಜ್ಜಿಯ ಮುಖದ ಮೇಲೆ ಬೀಳುವ ಆ ಕತ್ತಲಿನ ಅರ್ಥವೇ ಬೇರೆ.